ದಿನ ತುಂಬದ ಮಗುವಿಗೂ ನೋವುಂಟು. ಅಮ್ಮನ ಎದೆಯೇ ಮೊದಲ ಮದ್ದು

ದಿನ ತುಂಬುವ ಮೊದಲೇ ಮಗು ಹುಟ್ಟಿತೆಂದರೆ ಮನೆಮಂದಿ ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಮೂರು. ತೂಕ ಎಷ್ಟಿದೆ? ಉಸಿರಾಟ ಹೇಗಿದೆ? ಮನೆಗೆ ಯಾವಾಗ ಕಳಿಸುತ್ತಾರೆ? ಮುಂಬಯಿ, ಪುಣೆಯ ಆಸ್ಪತ್ರೆಗಳ ಬೆಂಚುಗಳ ಮೇಲೆ ಹಗಲು ರಾತ್ರಿ ಕಾಯುವ ಅಜ್ಜ-ಅಜ್ಜಿಯರಾಗಲಿ, ಊರಿನಿಂದ ಗಂಟೆಗೊಮ್ಮೆ ಫೋನ್ ಮಾಡುವ ಬಂಧುಗಳಾಗಲಿ ವಿಚಾರಿಸುವುದು ಇಷ್ಟನ್ನೇ. ನಾಲ್ಕನೆಯ ಪ್ರಶ್ನೆಯೊಂದಿದೆ. ಅದನ್ನು ಕೇಳುವವರು ವಿರಳ. ಮಗುವಿಗೆ ನೋವಾಗುತ್ತಿದೆಯೇ, ಅದನ್ನು ತಗ್ಗಿಸಲು ಏನು ಮಾಡುತ್ತಿದ್ದೀರಿ ಎಂಬುದೇ ಆ ಪ್ರಶ್ನೆ.

37 ವಾರ ತುಂಬುವ ಮೊದಲು ಹುಟ್ಟಿದ ಮಗುವನ್ನು ವೈದ್ಯರು ಅವಧಿಪೂರ್ವ ಶಿಶು ಎನ್ನುತ್ತಾರೆ. 2020ರಲ್ಲಿ ಜಗತ್ತಿನಲ್ಲಿ ಇಂತಹ ಸುಮಾರು 1.34 ಕೋಟಿ ಮಕ್ಕಳು ಹುಟ್ಟಿದ್ದು, ಅವುಗಳಲ್ಲಿ ಸುಮಾರು 30 ಲಕ್ಷ ಮಕ್ಕಳು ಭಾರತದವು. ಬೇರಾವ ದೇಶದಲ್ಲೂ ಇಷ್ಟು ಸಂಖ್ಯೆ ಇಲ್ಲ. ಈ ಮಕ್ಕಳನ್ನು ಉಳಿಸುವ ವಿದ್ಯೆ ಕಳೆದ ಕೆಲವು ದಶಕಗಳಲ್ಲಿ ಬಹಳ ಮುಂದುವರಿದಿದೆ. ಒಂದು ಕಿಲೋ ತೂಗುವ ಮಗುವೂ ಬದುಕಿ, ಶಾಲೆಗೆ ಹೋಗಿ, ಸಂಘದ ವಾರ್ಷಿಕೋತ್ಸವದಲ್ಲಿ ಕುಣಿಯುವ ಕಾಲವಿದು. ಆದರೆ ಆ ಉಳಿವಿನ ದಾರಿಯಲ್ಲಿ ಮಗು ಎಷ್ಟು ಸೂಜಿಗಳನ್ನು ದಾಟಿ ಬರುತ್ತದೆ ಎಂಬುದು ಹೊರಗೆ ಕಾಯುವವರ ಗಮನಕ್ಕೆ ಬರುವುದು ಕಡಿಮೆ.

ದಿನಕ್ಕೆ ಹತ್ತು ಬಾರಿ

ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಅಂದರೆ ಎನ್‌ಐಸಿಯುವಿನಲ್ಲಿ ನಿತ್ಯ ನಡೆಯುವ ಕೆಲಸಗಳು ಹಲವು. ರಕ್ತದ ಸಕ್ಕರೆ ನೋಡಲು ಹಿಮ್ಮಡಿಗೆ ಚುಚ್ಚಬೇಕು. ಸಲೈನ್ ಹಾಕಲು ಕೂದಲೆಳೆಯಂತಹ ನರ ಹುಡುಕಬೇಕು, ಅದು ಸಿಗದಿದ್ದರೆ ಇನ್ನೊಂದು ಕೈಯಲ್ಲಿ, ಕಾಲಿನಲ್ಲಿ ಮತ್ತೆ ಪ್ರಯತ್ನಿಸಬೇಕು. ಹಾಲುಣಿಸಲು ಮೂಗು ಅಥವಾ ಬಾಯಿಯ ಮೂಲಕ ಹೊಟ್ಟೆಗೆ ನಳಿಕೆ ಇಳಿಸಬೇಕು. ಉಸಿರಾಟದ ನಳಿಕೆಯಲ್ಲಿ ಕಟ್ಟಿದ ಕಫ ಹೀರಿ ತೆಗೆಯಬೇಕು. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಚರ್ಮದಿಂದ ಅಂಟುಪಟ್ಟಿ ಕೀಳಬೇಕು. ಇವು ಯಾವುವೂ ಶಸ್ತ್ರಚಿಕಿತ್ಸೆಗಳಲ್ಲ. ದೊಡ್ಡವರ ಪಾಲಿಗೆ ಚಿಕ್ಕ ಕೆಲಸಗಳು. ಆದ್ದರಿಂದಲೇ ಇವುಗಳ ನೋವು ಲೆಕ್ಕಕ್ಕೆ ಬಾರದೆ ಉಳಿದುಹೋಗುತ್ತದೆ.

ಫ್ರಾನ್ಸಿನ ಪ್ಯಾರಿಸ್ ಪ್ರದೇಶದ ಆಸ್ಪತ್ರೆಗಳಲ್ಲಿ ಈ ಲೆಕ್ಕವನ್ನು ಹಾಸಿಗೆಯ ಪಕ್ಕದಲ್ಲೇ ನಿಂತು ಬರೆದಿಟ್ಟರು. 2008ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 430 ನವಜಾತ ಶಿಶುಗಳನ್ನು ದಾಖಲಾದ ಮೊದಲ 14 ದಿನ ಗಮನಿಸಲಾಯಿತು. ಸರಾಸರಿ ಲೆಕ್ಕದಲ್ಲಿ ಒಂದು ಮಗುವಿಗೆ ದಿನಕ್ಕೆ ಸುಮಾರು 10 ನೋವಿನ ಪ್ರಕ್ರಿಯೆಗಳು ನಡೆದಿದ್ದವು. ಅವುಗಳಲ್ಲಿ ನೂರಕ್ಕೆ 79ರಷ್ಟು, ಆ ನೋವಿಗೆಂದೇ ಯಾವ ಶಮನೋಪಾಯವನ್ನೂ ಮಾಡದೆ ನಡೆದಿದ್ದವು. ಸಕಲ ಸೌಲಭ್ಯಗಳಿರುವ ಮಹಾನಗರದ ಸ್ಥಿತಿಯೇ ಹೀಗಿತ್ತೆಂಬುದು ಗಮನಾರ್ಹ.

ನೋವೇ ಇಲ್ಲವೆಂದು ನಂಬಿದ್ದ ಕಾಲ

ನವಜಾತ ಶಿಶುವಿನ ನರಮಂಡಲ ಇನ್ನೂ ಬಲಿತಿರುವುದಿಲ್ಲ, ಆದ್ದರಿಂದ ಅದಕ್ಕೆ ನೋವು ತಿಳಿಯುವುದಿಲ್ಲ, ತಿಳಿದರೂ ನೆನಪಿರುವುದಿಲ್ಲ ಎಂಬ ನಂಬಿಕೆ 1980ರ ದಶಕದವರೆಗೂ ವೈದ್ಯಲೋಕದಲ್ಲಿ ವ್ಯಾಪಕವಾಗಿತ್ತು. ಪುಟ್ಟ ಶಿಶುವಿಗೆ ಅರಿವಳಿಕೆ ಕೊಟ್ಟರೆ ಅದರ ಜೀವಕ್ಕೇ ಅಪಾಯವೆಂಬ ಭಯವೂ ಜೊತೆಗಿತ್ತು. ಹೀಗಾಗಿ ಹಲವೆಡೆ ದೊಡ್ಡ ಶಸ್ತ್ರಚಿಕಿತ್ಸೆಗಳೂ ಮಗು ಅಲುಗದಂತೆ ಮಾಡುವ ಔಷಧವನ್ನಷ್ಟೇ ಕೊಟ್ಟು ನಡೆಯುತ್ತಿದ್ದವು. ಆ ಔಷಧ ಸ್ನಾಯುಗಳನ್ನು ನಿಶ್ಚಲಗೊಳಿಸುತ್ತದೆ, ನೋವನ್ನು ತಗ್ಗಿಸುವುದಿಲ್ಲ. 1985ರಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ಬಹಳ ಮುಂಚೆಯೇ ಹುಟ್ಟಿದ ಮಗುವೊಂದಕ್ಕೆ ಹೀಗೆಯೇ ಹೃದಯದ ಬಳಿಯ ಶಸ್ತ್ರಚಿಕಿತ್ಸೆ ಮಾಡಲಾಯಿತು. ಕೆಲವು ವಾರಗಳಲ್ಲಿ ಮಗು ತೀರಿಕೊಂಡಿತು. ಅರಿವಳಿಕೆ ಕೊಟ್ಟಿರಲಿಲ್ಲವೆಂಬುದು ತಾಯಿಗೆ ತಿಳಿದದ್ದು ಅನಂತರ. ಆಕೆ ಸುಮ್ಮನಾಗದೆ ಪತ್ರಿಕೆಗಳಿಗೂ ವೈದ್ಯಕೀಯ ಸಂಸ್ಥೆಗಳಿಗೂ ಬರೆದ ಪತ್ರಗಳಿಂದ ಈ ವಿಷಯ ಸಾರ್ವಜನಿಕ ಚರ್ಚೆಗೆ ಬಂತು.

ವಿಜ್ಞಾನದ ಕಡೆಯಿಂದ ಆ ನಂಬಿಕೆಯನ್ನು ಬುಡಮೇಲು ಮಾಡಿದವರಲ್ಲಿ ಪ್ರಮುಖರು ಭಾರತದ ವೈದ್ಯರೊಬ್ಬರು. ಇಂದೋರಿನ ಎಂಜಿಎಂ ವೈದ್ಯಕೀಯ ಕಾಲೇಜಿನಲ್ಲಿ ಓದಿ, ರೋಡ್ಸ್ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ಗೆ ಹೋದ ಡಾ. ಕನ್ವಲ್‌ಜೀತ್ ಸಿಂಗ್ ಆನಂದ್ ಅವರು ಶಸ್ತ್ರಚಿಕಿತ್ಸೆ ಮುಗಿಸಿ ಮರಳುವ ಪುಟ್ಟ ಶಿಶುಗಳ ಸ್ಥಿತಿ ತೀರಾ ಹದಗೆಟ್ಟಿರುವುದನ್ನು ಕಂಡರು. ಕಾರಣ ಹುಡುಕುತ್ತ ಹೊರಟ ಅವರ ತಂಡ ಒಂದು ಗುಂಪಿನ ಅವಧಿಪೂರ್ವ ಶಿಶುಗಳಿಗೆ ಫೆಂಟಾನಿಲ್ ಎಂಬ ನೋವುನಿವಾರಕವನ್ನು ಸೇರಿಸಿ ಕೊಟ್ಟಿತು, ಇನ್ನೊಂದು ಗುಂಪಿಗೆ ಅಂದಿನ ರೂಢಿಯಂತೆ ಅದಿಲ್ಲದೆ ಶಸ್ತ್ರಚಿಕಿತ್ಸೆ ನಡೆಯಿತು. ನೋವುನಿವಾರಕ ಸಿಗದ ಮಕ್ಕಳ ರಕ್ತದಲ್ಲಿ ಒತ್ತಡದ ಹಾರ್ಮೋನುಗಳು ಬಹಳ ಏರಿದ್ದವು, ಅನಂತರದ ತೊಂದರೆಗಳೂ ಅವರಲ್ಲೇ ಹೆಚ್ಚು. ಅರಿವಳಿಕೆ ಕೊಟ್ಟರೆ ಅಪಾಯ ಎಂಬ ಮಾತು ತಲೆಕೆಳಗಾಯಿತು. 1987ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಅದೇ ವರ್ಷ ಅಮೆರಿಕದ ಮಕ್ಕಳ ತಜ್ಞರ ಸಂಘವೂ ನವಜಾತ ಶಿಶುಗಳಿಗೆ ಶಸ್ತ್ರಚಿಕಿತ್ಸೆಯಲ್ಲಿ ಅರಿವಳಿಕೆ ನಿರಾಕರಿಸಬಾರದೆಂಬ ನಿಲುವು ತಳೆಯಿತು.

ಇಂದು ಶಸ್ತ್ರಚಿಕಿತ್ಸೆಯ ಅರಿವಳಿಕೆಯ ಬಗ್ಗೆ ವಿವಾದವಿಲ್ಲ. ಉಳಿದಿರುವುದು ಆ ಚಿಕ್ಕ ಚಿಕ್ಕ ಚುಚ್ಚುಗಳ ಪ್ರಶ್ನೆ.

ಅಳದ ಮಗುವಿನ ನೋವು

ಚುಚ್ಚಿದರೂ ಮಗು ಅಳಲಿಲ್ಲ, ಪಾಪ, ಅದಕ್ಕೇನೂ ಗೊತ್ತಾಗಲಿಲ್ಲ ಎಂದು ಹಿರಿಯರು ಸಮಾಧಾನ ಪಡುವುದುಂಟು. ಇದು ತಪ್ಪು ತಿಳಿವಳಿಕೆ. ಬಹಳ ಮುಂಚೆ ಹುಟ್ಟಿದ ಮಗುವಿಗೆ ಗಟ್ಟಿಯಾಗಿ ಅಳುವ ಶಕ್ತಿಯೇ ಇರುವುದಿಲ್ಲ. ಉಸಿರಾಟದ ನಳಿಕೆ ಹಾಕಿದ ಮಗು ಅತ್ತರೂ ದನಿ ಹೊರಡುವುದಿಲ್ಲ. ಕೆಲವು ಮಕ್ಕಳು ನೋವಾದಾಗ ಕೈಕಾಲು ಬಡಿಯುವ ಬದಲು ಸೋತು ಸುಮ್ಮನಾಗಿಬಿಡುತ್ತವೆ.

ಹಾಗಾದರೆ ನೋವನ್ನು ಅಳೆಯುವುದು ಹೇಗೆ? ಕೆನಡಾದ ಸಂಶೋಧಕರು 1996ರಲ್ಲಿ ಪ್ರಕಟಿಸಿದ 'ಪಿಪ್' ಎಂಬ ಮಾಪನವನ್ನು ಹಲವು ದೇಶಗಳಲ್ಲಿ ಬಳಸುತ್ತಾರೆ. ಹುಬ್ಬುಗಂಟು ಉಬ್ಬಿದೆಯೇ, ಕಣ್ಣು ಬಿಗಿಯಾಗಿ ಮುಚ್ಚಿದೆಯೇ, ಮೂಗಿನಿಂದ ತುಟಿಯಂಚಿಗೆ ಇಳಿಯುವ ಗೆರೆ ಆಳವಾಗಿದೆಯೇ ಎಂದು ಮುಖ ನೋಡುತ್ತಾರೆ. ಎದೆಬಡಿತ ಎಷ್ಟು ಏರಿತು, ರಕ್ತದ ಆಮ್ಲಜನಕ ಎಷ್ಟು ಇಳಿಯಿತು ಎಂದು ಯಂತ್ರ ನೋಡುತ್ತಾರೆ. ಮಗು ಎಷ್ಟು ವಾರಕ್ಕೆ ಹುಟ್ಟಿತು, ನಿದ್ದೆಯಲ್ಲಿತ್ತೇ ಎಚ್ಚರದಲ್ಲಿತ್ತೇ ಎಂಬುದನ್ನೂ ಸೇರಿಸಿ ಅಂಕ ಕೊಡುತ್ತಾರೆ. ಎಳೆಯ ಮಗು ಕಡಿಮೆ ಪ್ರತಿಕ್ರಿಯೆ ತೋರಿದ ಮಾತ್ರಕ್ಕೆ ಕಡಿಮೆ ನೋವೆಂದು ತಿಳಿಯಬಾರದು ಎಂಬ ಎಚ್ಚರ ಈ ಮಾಪನದಲ್ಲೇ ಅಡಗಿದೆ. ನೋವಿನ ಸಂದೇಶವನ್ನು ಮಿದುಳಿಗೆ ಒಯ್ಯುವ ವ್ಯವಸ್ಥೆ ಮೊದಲು ಸಿದ್ಧವಾಗುತ್ತದೆ, ಅದನ್ನು ತಡೆದು ತಗ್ಗಿಸುವ ವ್ಯವಸ್ಥೆ ಬಲಿಯುವುದು ಅನಂತರ. ಆದ್ದರಿಂದ ದಿನ ತುಂಬದ ಮಗುವಿಗೆ ನೋವಿನ ಎದುರು ರಕ್ಷಣೆ ಕಡಿಮೆ.

ನೋವು ಆ ಕ್ಷಣಕ್ಕೆ ಮುಗಿಯುವುದೂ ಇಲ್ಲ. ಎದೆಬಡಿತ, ರಕ್ತದೊತ್ತಡ ಏರಿಳಿದರೆ ಹಸಿಮಿದುಳಿನ ಸೂಕ್ಷ್ಮ ನಾಳಗಳಿಗೆ ಒಳ್ಳೆಯದಲ್ಲ. ಹೆಚ್ಚು ಚುಚ್ಚುಗಳನ್ನು ಅನುಭವಿಸಿದ ಅವಧಿಪೂರ್ವ ಮಕ್ಕಳಲ್ಲಿ ಮುಂದೆ ಮಿದುಳಿನ ಬೆಳವಣಿಗೆ ಮತ್ತು ಒತ್ತಡಕ್ಕೆ ಸ್ಪಂದಿಸುವ ಬಗೆಯಲ್ಲಿ ವ್ಯತ್ಯಾಸ ಇರುವುದನ್ನು ಸಂಶೋಧಕರು ಗುರುತಿಸಿದ್ದಾರೆ. ಹೆಚ್ಚು ಚುಚ್ಚಿಸಿಕೊಂಡ ಮಕ್ಕಳು ಹೆಚ್ಚು ಕಾಯಿಲೆಯವರೂ ಆಗಿರುವುದರಿಂದ ಎಲ್ಲವನ್ನೂ ನೋವಿನ ತಲೆಗೇ ಕಟ್ಟಲಾಗದು. ಆದರೆ ತಪ್ಪಿಸಬಹುದಾದ ನೋವನ್ನು ತಪ್ಪಿಸಲು ಇಷ್ಟು ಕಾರಣ ಸಾಕು.

ಮದ್ದು ಅಂಗಡಿಯಲ್ಲಿಲ್ಲ

ಚಿಕ್ಕ ಚುಚ್ಚುಗಳಿಗೆ ಪರಿಣಾಮಕಾರಿ ಎಂದು ಕಂಡುಬಂದ ಉಪಾಯಗಳಲ್ಲಿ ಹೆಚ್ಚಿನವು ದುಬಾರಿ ಔಷಧಗಳಲ್ಲ. ಮೊದಲನೆಯದು ಚರ್ಮಕ್ಕೆ ಚರ್ಮ ತಾಗಿಸುವ ಆರೈಕೆ. ಡಯಾಪರ್ ಮತ್ತು ಟೋಪಿ ಮಾತ್ರ ತೊಟ್ಟ ಮಗುವನ್ನು ತಾಯಿಯ ಬರಿ ಎದೆಯ ಮೇಲೆ ನೆಟ್ಟಗೆ ಮಲಗಿಸಿ ಬಟ್ಟೆಯಿಂದ ಸುತ್ತುತ್ತಾರೆ. ಹತ್ತು-ಹದಿನೈದು ನಿಮಿಷ ಮಗು ಅಲ್ಲಿ ನೆಮ್ಮದಿಯಾಗಿದ್ದ ಮೇಲೆ, ಅದೇ ಸ್ಥಿತಿಯಲ್ಲೇ ಹಿಮ್ಮಡಿಯಿಂದ ರಕ್ತ ತೆಗೆಯುತ್ತಾರೆ. ಹೀಗೆ ಮಾಡಿದಾಗ ನೋವಿನ ಅಂಕ ತಗ್ಗುವುದನ್ನು 2000 ಶಿಶುಗಳನ್ನೊಳಗೊಂಡ 25 ಅಧ್ಯಯನಗಳ ಸಮೀಕ್ಷೆ 2017ರಲ್ಲಿ ದೃಢಪಡಿಸಿತು. ತಾಯಿಗೆ ಆಗದಿದ್ದರೆ ತಂದೆಯ ಎದೆಯೂ ಆದೀತು.

ಎರಡನೆಯದು ಎದೆಹಾಲು. ಹಾಲು ಚೀಪಲು ಶಕ್ತವಾದ ಮಗು ಹಾಲು ಕುಡಿಯುತ್ತಿರುವಾಗಲೇ ಚುಚ್ಚಿದರೆ ನೋವು ಕಡಿಮೆ. ಚೀಪಲಾಗದ ಮಗುವಿನ ನಾಲಗೆಗೆ ಹಿಂಡಿದ ಹಾಲಿನ ಹನಿ ಹಾಕುವುದೂ ಒಂದು ಕ್ರಮ. ಎದೆಹಾಲಿನ ವಿಷಯದಲ್ಲಿ ಮುಂಬಯಿಗೆ ಹೆಮ್ಮೆಯ ಚರಿತ್ರೆಯಿದೆ. ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕ್ ಡಾ. ಅರ್ಮಿಡಾ ಫರ್ನಾಂಡಿಸ್ ಅವರ ಮುತುವರ್ಜಿಯಿಂದ 1989ರಲ್ಲಿ ಆರಂಭವಾದದ್ದು ಸಯಾನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆಯಲ್ಲಿ.

ಮೂರನೆಯದು ಸಿಹಿ ದ್ರಾವಣ. ನೂರಕ್ಕೆ 24ರಷ್ಟು ಸಕ್ಕರೆಯಿರುವ ಶುದ್ಧ ದ್ರಾವಣದ ಕೆಲವೇ ಹನಿಗಳನ್ನು ಚುಚ್ಚುವ ಎರಡು ನಿಮಿಷ ಮೊದಲು ನಾಲಗೆಯ ಮೇಲೆ ಹಾಕುತ್ತಾರೆ. ಪರಿಣಾಮ ನಾಲ್ಕೈದು ನಿಮಿಷ ಇರುತ್ತದೆ. ಇದು ನೋವಿನ ಅಂಕವನ್ನು ತಗ್ಗಿಸುತ್ತದೆಂದು ಹಲವಾರು ಅಧ್ಯಯನಗಳು ತೋರಿಸಿವೆ. ಆದರೆ ಮಿದುಳಿನಲ್ಲಿ ಏಳುವ ನೋವಿನ ಸಂಕೇತವನ್ನು ಸಕ್ಕರೆ ತಗ್ಗಿಸಲಿಲ್ಲ ಎಂದು 2010ರಲ್ಲಿ ಬ್ರಿಟನ್ನಿನ ಅಧ್ಯಯನವೊಂದು ಹೇಳಿತು. ಆದ್ದರಿಂದ ಸಕ್ಕರೆಯೊಂದನ್ನೇ ನಂಬದೆ ಇತರ ಉಪಾಯಗಳ ಜೊತೆಗೆ, ಅಳತೆ ಮೀರದಂತೆ ಬಳಸುವುದು ಜಾಣತನ.

ನಾಲ್ಕನೆಯದು ಹಿಡಿತ. ಮಗುವನ್ನು ಹೊರತೆಗೆಯಲಾಗದ ಸ್ಥಿತಿ ಇದ್ದರೆ ಪೆಟ್ಟಿಗೆಯೊಳಗೆ ಕೈಯಿಟ್ಟು, ಒಂದು ಅಂಗೈ ತಲೆಯ ಮೇಲೆ, ಇನ್ನೊಂದು ಮಡಚಿದ ಕಾಲುಗಳ ಮೇಲೆ ಇರಿಸಿ, ಗರ್ಭದಲ್ಲಿದ್ದ ಭಂಗಿಯಲ್ಲೇ ಹಿಡಿದುಕೊಳ್ಳುವುದು. ಅತಿ ಎಳೆಯ ಮಗುವಿಗೆ ಮೈ ಸವರುವುದಕ್ಕಿಂತ ಅಲುಗದ, ಬೆಚ್ಚಗಿನ ಹಿಡಿತ ಹಿತವೆನ್ನುತ್ತಾರೆ ತಜ್ಞರು. ದಾದಿ ಒಬ್ಬರೇ ಇರುವಾಗ ಚುಚ್ಚುವುದಕ್ಕೂ ಹಿಡಿಯುವುದಕ್ಕೂ ಎರಡೇ ಕೈ. ಅಲ್ಲಿ ಅಮ್ಮನ ಅಥವಾ ಅಪ್ಪನ ಕೈ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಚುಚ್ಚುಗಳನ್ನೇ ಕಡಿಮೆ ಮಾಡುವುದು. ಎರಡು ಮೂರು ಪರೀಕ್ಷೆಗಳಿಗೆ ಒಂದೇ ಬಾರಿ ರಕ್ತ ತೆಗೆದರೆ, ನಿಜಕ್ಕೂ ಬೇಕಾದ ಪರೀಕ್ಷೆಯನ್ನಷ್ಟೇ ಬರೆದರೆ ಎಷ್ಟೋ ನೋವು ಉಳಿಯುತ್ತದೆ.

ಬಲವಾದ ಔಷಧವನ್ನೇ ಕೊಡಬಾರದೇ ಎಂಬ ಪ್ರಶ್ನೆ ಸಹಜ. ಶಸ್ತ್ರಚಿಕಿತ್ಸೆಗೆ ಅದು ಬೇಕೇ ಬೇಕು. ಆದರೆ ನಿತ್ಯದ ಚುಚ್ಚುಗಳಿಗೆ ಅದು ಉತ್ತರವಲ್ಲ. ಕಣ್ಣಿನ ತಪಾಸಣೆ ಮತ್ತು ಹಿಮ್ಮಡಿ ಚುಚ್ಚುವ ಮೊದಲು ಬಾಯಿಯ ಮೂಲಕ ಮಾರ್ಫಿನ್ ಕೊಟ್ಟು ನೋಡಿದ ಬ್ರಿಟನ್ನಿನ ಪ್ರಯೋಗವೊಂದನ್ನು 31 ಶಿಶುಗಳಾದ ಮೇಲೆ ನಿಲ್ಲಿಸಬೇಕಾಯಿತು. ಮಕ್ಕಳ ಉಸಿರಾಟಕ್ಕೆ ತೊಂದರೆಯಾಗಿ, ನೋವು ತಗ್ಗಿದ ಲಕ್ಷಣವೂ ಕಾಣಲಿಲ್ಲವೆಂದು 2018ರ ವರದಿ ಹೇಳುತ್ತದೆ. ಹಿಮ್ಮಡಿ ಚುಚ್ಚುವ ನೋವಿಗೆ ಪ್ಯಾರಾಸಿಟಮಾಲ್ ಕೂಡ ಪ್ರಯೋಜನಕ್ಕೆ ಬಾರದು.

ಕಣ್ಣಿನ ತಪಾಸಣೆ ತಪ್ಪಿಸುವಂತಿಲ್ಲ

ನೋವಾಗುತ್ತದೆಂದು ಬೇಡವೆನ್ನಲಾಗದ ಪರೀಕ್ಷೆಯೂ ಇದೆ. ಅವಧಿಪೂರ್ವ ಮಕ್ಕಳ ಅಕ್ಷಿಪಟಲದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಕುರುಡುತನ ತರುವ 'ಆರ್‌ಒಪಿ' ಎಂಬ ಕಾಯಿಲೆ ಬರಬಹುದು. 34 ವಾರಕ್ಕೆ ಮೊದಲು ಹುಟ್ಟಿದ ಅಥವಾ ಎರಡು ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಹುಟ್ಟಿದ 30 ದಿನದೊಳಗೆ ಕಣ್ಣಿನ ತಪಾಸಣೆ ಆಗಬೇಕೆಂಬುದು ಭಾರತದಲ್ಲಿ ಪಾಲಿಸುವ ಕ್ರಮ. ಈ ವಿಷಯದಲ್ಲಿ ಕರ್ನಾಟಕ ಮುಂಚೂಣಿಯಲ್ಲಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಅವರ ನೇತೃತ್ವದಲ್ಲಿ 2008ರಲ್ಲಿ ಆರಂಭವಾದ 'ಕಿಡ್‌ರಾಪ್' ಯೋಜನೆಯಲ್ಲಿ ತರಬೇತಾದ ತಂತ್ರಜ್ಞರು ಕ್ಯಾಮರಾ ಹೊತ್ತು ಜಿಲ್ಲೆಗಳ ಆಸ್ಪತ್ರೆಗಳಿಗೇ ಹೋಗಿ ಮಕ್ಕಳ ಕಣ್ಣಿನ ಚಿತ್ರ ತೆಗೆದು ತಜ್ಞರಿಗೆ ಕಳಿಸುತ್ತಾರೆ. ಹೆರಿಗೆಗೆಂದು ತವರಿಗೆ ಹೋಗುವ ಹೊರನಾಡ ಹೆಣ್ಣುಮಕ್ಕಳು ಇದನ್ನು ತಿಳಿದಿರುವುದು ಒಳ್ಳೆಯದು.

ರೆಪ್ಪೆಗಳನ್ನು ಬಿಡಿಸಿ ಹಿಡಿದು ಮಾಡುವ ಈ ತಪಾಸಣೆ ಮಗುವಿಗೆ ಹಿಂಸೆಯೇ. ಕಣ್ಣಿಗೆ ಮರಗಟ್ಟಿಸುವ ಹನಿ, ನಾಲಗೆಗೆ ಸಿಹಿ ಹನಿ, ಮೈಗೆ ಬಟ್ಟೆಯ ಬೆಚ್ಚನೆಯ ಸುತ್ತು ಸೇರಿದರೆ ನೋವು ಪೂರ್ತಿ ಹೋಗದಿದ್ದರೂ ತಗ್ಗುತ್ತದೆ. ಪರೀಕ್ಷೆಯನ್ನು ತಪ್ಪಿಸದೆ, ಇವು ಇವೆಯೇ ಎಂದು ಮೊದಲೇ ವಿಚಾರಿಸುವುದು ಹೆತ್ತವರ ಹಕ್ಕು.

ಬೊಗೋಟಾದಿಂದ ಕೊಪ್ಪಳದವರೆಗೆ

ಚರ್ಮಕ್ಕೆ ಚರ್ಮ ತಾಗಿಸುವ ಈ ಆರೈಕೆಗೆ ಕಾಂಗರೂ ಆರೈಕೆ ಎಂಬ ಹೆಸರು ಬಂದದ್ದು ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ. ಅಲ್ಲಿನ ರಾಜಧಾನಿ ಬೊಗೋಟಾದ ಹೆರಿಗೆ ಆಸ್ಪತ್ರೆಯಲ್ಲಿ ಪೆಟ್ಟಿಗೆಗಳು ಸಾಲದೆ, ಸೋಂಕು ಹೆಚ್ಚಿದ್ದಾಗ 1970ರ ದಶಕದ ಕೊನೆಯಲ್ಲಿ ಡಾ. ಎಡ್ಗರ್ ರೇ ಸನಾಬ್ರಿಯಾ ಮತ್ತು ಡಾ. ಹೆಕ್ಟರ್ ಮಾರ್ಟಿನೆಜ್ ಅವರು ಮಕ್ಕಳನ್ನು ತಾಯಂದಿರ ಎದೆಗೇ ಕಟ್ಟಿದರು. ಬಡತನದ ಉಪಾಯವೆಂದು ಶುರುವಾದದ್ದು ಇಂದು ಶ್ರೇಷ್ಠ ಚಿಕಿತ್ಸೆ. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ ಮತ್ತು ಆಫ್ರಿಕಾದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನದಲ್ಲಿ 1 ಕಿಲೋದಿಂದ 1.8 ಕಿಲೋ ಒಳಗಿನ ಮಕ್ಕಳಿಗೆ ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಕೊಟ್ಟಾಗ, ಮೊದಲ 28 ದಿನಗಳ ಸಾವು ನಾಲ್ಕನೇ ಒಂದು ಪಾಲಿನಷ್ಟು ತಗ್ಗಿತು. 2021ರಲ್ಲಿ ಪ್ರಕಟವಾದ ಈ ಫಲಿತಾಂಶದ ಬೆನ್ನಲ್ಲೇ, ಮರುವರ್ಷ ಸಂಸ್ಥೆ ತನ್ನ ಶಿಫಾರಸನ್ನು ಬದಲಿಸಿತು. ಸ್ವಂತವಾಗಿ ಉಸಿರಾಡಲಾಗದ, ಆಘಾತ ಸ್ಥಿತಿಯಲ್ಲಿರುವ ಮಕ್ಕಳ ಹೊರತು ಉಳಿದವರಿಗೆ ಹುಟ್ಟಿದ ತಕ್ಷಣವೇ, ದಿನಕ್ಕೆ 8ರಿಂದ 24 ಗಂಟೆ ಈ ಆರೈಕೆ ಇರಲಿ ಎನ್ನುತ್ತದೆ ಅದು.

ಕರ್ನಾಟಕದ ಕೊಪ್ಪಳ ಜಿಲ್ಲೆಯೂ ಈ ಕಥೆಯಲ್ಲಿದೆ. ಕಾಂಗರೂ ಆರೈಕೆಯನ್ನು ಸರಕಾರಿ ವ್ಯವಸ್ಥೆಯೊಳಗೇ ಮನೆಮನೆಗೆ ತಲಪಿಸುವುದು ಹೇಗೆಂದು ಭಾರತ ಮತ್ತು ಇಥಿಯೋಪಿಯಾದಲ್ಲಿ ನಡೆದ ಅಧ್ಯಯನದ ಕ್ಷೇತ್ರಗಳಲ್ಲಿ ಕೊಪ್ಪಳವೂ ಒಂದು. ಕೊಪ್ಪಳದಲ್ಲಿ ಸಾಧ್ಯವಾದದ್ದು ಮುಂಬಯಿ, ಪುಣೆ, ಹೈದರಾಬಾದಿನಲ್ಲಿ ಆಗದೇನು?

ಅಡ್ಡಿಗಳು ಇಲ್ಲವೆಂದಲ್ಲ. ಸೋಂಕಿನ ಭಯದಿಂದ ಹೆತ್ತವರನ್ನು ಬಾಗಿಲಲ್ಲೇ ನಿಲ್ಲಿಸುವ ರೂಢಿ ಹಲವು ಕಡೆ ಇದೆ. ದಾದಿಯರ ಕೊರತೆಯೂ ಇದೆ. ಆದರೆ ಕೈ ತೊಳೆದು, ಗೌನು ತೊಟ್ಟ ಹೆತ್ತವರು ಒಳಗೆ ಬಂದು ಆರೈಕೆಯಲ್ಲಿ ಪಾಲ್ಗೊಳ್ಳಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯವೇ 2017ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ದೆಹಲಿಯ ರಾಮ ಮನೋಹರ ಲೋಹಿಯಾ ಆಸ್ಪತ್ರೆಯ ಅನುಭವ ಅದಕ್ಕೆ ಬುನಾದಿ.

ಮನೆಯಲ್ಲಿ ಮಾಡಬಾರದ್ದು

ಆಸ್ಪತ್ರೆಯಲ್ಲಿ ಸಿಹಿ ಹನಿ ಕೊಡುತ್ತಾರೆಂದು ಕೇಳಿ ಮನೆಯಲ್ಲಿ ಜೇನುತುಪ್ಪ, ಸಕ್ಕರೆ ನೀರು, ತೇಯ್ದ ಬಜೆ ನೆಕ್ಕಿಸುವುದು ಸಲ್ಲದು. ಆಸ್ಪತ್ರೆಯ ದ್ರಾವಣ ಶುದ್ಧೀಕರಿಸಿದ್ದು, ಹನಿಗಳ ಲೆಕ್ಕ ವೈದ್ಯರದು. ಜೇನಿನಿಂದ ಒಂದು ವರ್ಷದೊಳಗಿನ ಯಾವ ಮಗುವಿಗಾದರೂ ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು.

ಪುರುಡು, ಅಮೆ ಎಂದು ಬಾಣಂತಿಯನ್ನು ಮುಟ್ಟದಿರುವ ಆಚಾರ ಕೆಲವು ಮನೆಗಳಲ್ಲಿ ಇನ್ನೂ ಇದೆ. ಬಾಣಂತಿ ಎದ್ದು ಓಡಾಡಬಾರದು, ಆಸ್ಪತ್ರೆಗೆ ಹೋಗಿಬಂದರೆ ಶೀತ ಏರುತ್ತದೆ ಎಂಬ ಕಾಳಜಿಯೂ ಇದೆ. ಆದರೆ ಮಗು ಪೆಟ್ಟಿಗೆಯಲ್ಲಿರುವಾಗ ತಾಯಿಯನ್ನು ಮನೆಯಲ್ಲೇ ಕೂರಿಸಿದರೆ ಅದರ ಮದ್ದನ್ನೇ ಬಚ್ಚಿಟ್ಟಂತೆ. ಬಾಣಂತನದ ಪಥ್ಯ, ಬಿಸಿನೀರು ಎಲ್ಲ ಇರಲಿ. ಜೊತೆಗೆ ದಿನವೂ ಆಕೆಯನ್ನು ಮಗುವಿನ ಬಳಿ ಕರೆದೊಯ್ಯುವ ವ್ಯವಸ್ಥೆಯೂ ಇರಲಿ. ಆಕೆ ದಣಿದಾಗ ಅಜ್ಜಿ, ಚಿಕ್ಕಮ್ಮ, ಅತ್ತೆ ಯಾರ ಎದೆಯ ಮೇಲಾದರೂ ಮಗು ಮಲಗಬಹುದು.

ಮನೆಗೆ ಬಂದ ಮೇಲೆ ಲಸಿಕೆಯ ದಿನಕ್ಕೂ ಇದೇ ಪಾಠ. ಲಸಿಕೆ ಹಾಕುವಾಗ ಮಗುವನ್ನು ಮಡಿಲಲ್ಲಿ ಹಿಡಿದಿರಬೇಕು, ಆ ಹೊತ್ತಿಗೆ ಅಥವಾ ಸ್ವಲ್ಪ ಮೊದಲು ಹಾಲುಣಿಸಬೇಕು, ಹೆಚ್ಚು ನೋವಿನ ಲಸಿಕೆಯನ್ನು ಕೊನೆಗೆ ಹಾಕಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ.

ಸಂಘಗಳು ಏನು ಮಾಡಬಹುದು

ಹೊರನಾಡಿನಲ್ಲಿ ಹೆರಿಗೆಯಾದ ಕನ್ನಡದ ಹೆಣ್ಣುಮಗಳಿಗೆ ಇನ್ನೊಂದು ತೊಡಕು ಭಾಷೆಯದು. ಊರಿನಿಂದ ಹೊಸದಾಗಿ ಬಂದ ಸೊಸೆಗೆ ಮರಾಠಿಯಲ್ಲೋ ತಮಿಳಿನಲ್ಲೋ ಹಿಂದಿಯಲ್ಲೋ ಸಿಸ್ಟರ್ ಹೇಳಿದ್ದು ಅರ್ಧ ತಿಳಿದರೆ ಅರ್ಧ ತಿಳಿಯದು. ಕೇಳಲು ಸಂಕೋಚ. ಗಂಡನಿಗೆ ರಜೆ ಸಿಗದು. ಇಂತಹ ಮನೆಗೆ ಸಂಘದ ಮಹಿಳಾ ವಿಭಾಗದ ಒಬ್ಬ ಸದಸ್ಯೆ ದಿನಕ್ಕೊಂದು ಗಂಟೆ ಜೊತೆಯಾದರೂ ದೊಡ್ಡ ಉಪಕಾರ. ರಕ್ತದಾನ, ನೇತ್ರ ತಪಾಸಣಾ ಶಿಬಿರಗಳನ್ನು ವರ್ಷ ವರ್ಷ ನಡೆಸುವ ಸಂಘಗಳಿಗೆ ಇದು ಹೊರೆಯೇನಲ್ಲ. ಮುಂದೆ ಬಿಚ್ಚುವ ಹತ್ತಿಯ ಗೌನು, ಮಗುವಿನ ಟೋಪಿ, ಒರಗಿ ಕೂರುವ ಕುರ್ಚಿಗಳನ್ನು ಸರಕಾರಿ ಆಸ್ಪತ್ರೆಗೆ ಕೊಡಬಹುದು. ಬಸುರಿಯರಿಗಾಗಿ ಕನ್ನಡ ಬಲ್ಲ ಮಕ್ಕಳ ತಜ್ಞರಿಂದ ಒಂದು ಮಾತುಕತೆ ಏರ್ಪಡಿಸಬಹುದು. ನವೆಂಬರ್ ತಿಂಗಳು ರಾಜ್ಯೋತ್ಸವದ ಸಂಭ್ರಮದ ಕಾಲ. ಅದೇ ತಿಂಗಳ 17 ವಿಶ್ವ ಅವಧಿಪೂರ್ವ ಶಿಶು ದಿನವೂ ಹೌದು.

ಹೆತ್ತವರು ವೈದ್ಯರ ಬಳಿ ವಿನಯದಿಂದ, ಆದರೆ ಅಳುಕದೆ ಕೇಳಬೇಕಾದದ್ದು ಇಷ್ಟು: ಇಂದು ಯಾವ ಯಾವ ಪರೀಕ್ಷೆ ಇದೆ, ಅವನ್ನು ಒಟ್ಟಿಗೆ ಮಾಡಬಹುದೇ? ಚುಚ್ಚುವ ಹೊತ್ತಿಗೆ ತಾಯಿ ಅಥವಾ ತಂದೆ ಮಗುವನ್ನು ಎದೆಗೆ ಹಾಕಿಕೊಳ್ಳಬಹುದೇ? ಆಗದಿದ್ದರೆ ಕೈಯಿಂದ ಹಿಡಿದಿರಬಹುದೇ? ಹಾಲಿನ ಹನಿ, ಸಿಹಿ ಹನಿ ಕೊಡುತ್ತೀರಾ? ಮಗುವಿನ ಸ್ಥಿತಿ ನೋಡಿ ವೈದ್ಯರು ಇಂದು ಬೇಡವೆಂದರೆ ಅದಕ್ಕೆ ಕಾರಣವಿರುತ್ತದೆ, ನಾಳೆ ಮತ್ತೆ ಕೇಳಬಹುದು.

ಎರಡು ಅಂಗೈಯಲ್ಲಿ ಹಿಡಿಸುವ ಆ ಜೀವಕ್ಕೆ ತನ್ನ ನೋವನ್ನು ಹೇಳಲು ಮಾತಿಲ್ಲ, ಎಷ್ಟೋ ಬಾರಿ ಅಳುವೂ ಇಲ್ಲ. ಅದರ ಪರವಾಗಿ ಕೇಳುವವರು ಮನೆಯವರೇ ಆಗಬೇಕು.